ಹೃದಯದ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ: ನಡಿಗೆ ಶುರು ಮಾಡುವ ಬಗೆ, ಜೊತೆ ಕಟ್ಟಿಕೊಳ್ಳುವ ಬಗೆ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೈಗೆ ಬರುವ ಚೀಟಿಯಲ್ಲಿ ಮಾತ್ರೆಗಳ ಹೆಸರು, ಯಾವುದು ಬೆಳಿಗ್ಗೆ ಯಾವುದು ರಾತ್ರಿ ಎಂಬ ವಿವರ, ಮತ್ತೆ ತೋರಿಸಬೇಕಾದ ದಿನಾಂಕ ಎಲ್ಲವೂ ಇರುತ್ತದೆ. ಕೊನೆಗೆ ‘ನಿಯಮಿತ ವ್ಯಾಯಾಮ’ ಎಂಬ ಎರಡು ಪದ. ನನ್ನ ಚೀಟಿಯಲ್ಲೂ ಅಷ್ಟೇ ಇತ್ತು. ಎಷ್ಟು, ಯಾವಾಗ, ಎಲ್ಲಿಂದ ಶುರು ಎಂದು ಕೇಳಲು ನನಗೂ ಹೊಳೆಯಲಿಲ್ಲ. ಬೈಪಾಸ್ ಮಾಡಿಸಿಕೊಂಡು ಶಿವಮೊಗ್ಗದ ಮನೆಗೆ ಬಂದವನು ಮೂರು ವಾರ ಮಂಚ ಮತ್ತು ಬಚ್ಚಲಮನೆಯ ನಡುವೆಯೇ ಕಳೆದೆ. ನೋಡಲು ಬಂದವರು ಮೂಸಂಬಿ ಕೈಗಿಟ್ಟು, ‘ಏಳಬೇಡಿ, ಮಲಗಿಯೇ ಇರಿ’ ಎನ್ನುತ್ತಿದ್ದರು. ಅವರದು ಪ್ರೀತಿಯೇ. ಆದರೆ ಆ ಪ್ರೀತಿಯಲ್ಲಿ ನನ್ನ ಕಾಲಿನ ಶಕ್ತಿ ಸೋರಿಹೋಯಿತು.

ನಮ್ಮ ರಾಜ್ಯದಲ್ಲಿ ಈ ಭಯಕ್ಕೆ ಕಾರಣಗಳೂ ಇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ವ್ಯಾಯಾಮವೆಂದರೆ ಸಾವು ಎನ್ನುವಂತೆ ಜನ ಮಾತಾಡಿಕೊಂಡರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿ ನಿಂತರು. ತಪಾಸಣೆ ಮಾಡಿಸಿಕೊಳ್ಳುವುದು ಸರಿ. ಭಯದಿಂದ ಕುಳಿತುಬಿಡುವುದು ಸರಿಯಲ್ಲ. ನನ್ನ ಅನುಭವದಲ್ಲಿ ಈ ಭಯ ಓದಿನಿಂದ ಹೋಗುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ನಡೆಯುತ್ತಿದ್ದರೆ ಹೋಗುತ್ತದೆ. ಅದಕ್ಕಾಗಿಯೇ ವ್ಯಾಯಾಮ ಮತ್ತು ಜೊತೆ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ವ್ಯಾಯಾಮ ಹೃದಯವನ್ನು ಕಾಪಾಡುತ್ತದೆ ಎಂಬುದಕ್ಕೆ ಹಳೆಯ, ಗಟ್ಟಿಯಾದ ಸಾಕ್ಷ್ಯವೊಂದಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತು ಗಾಡಿ ಓಡಿಸುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯಕಾಯಿಲೆ ಕಡಿಮೆ ಇತ್ತು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಸಂಬಳ. ಎದ್ದು ಕಾಣುವ ವ್ಯತ್ಯಾಸ ಕಾಲಿನದು. ಕಾಯಿಲೆ ಬಂದ ಮೇಲೂ ಕ್ರಮವಾಗಿ ವ್ಯಾಯಾಮ ಮಾಡಿಸುವುದಕ್ಕೆ ವೈದ್ಯರು ಹೃದಯ ಪುನಶ್ಚೇತನ ಎನ್ನುತ್ತಾರೆ. ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಅದಕ್ಕೇ ಕೊಠಡಿ, ಫಿಸಿಯೋಥೆರಪಿಸ್ಟ್, ಇಸಿಜಿ ನೋಡುತ್ತಲೇ ನಡೆಸುವ ಟ್ರೆಡ್‌ಮಿಲ್ ಇರುತ್ತವೆ. ನಿಮಗೆ ಅದು ಸಿಗುವುದಾದರೆ ಖಂಡಿತ ಸೇರಿಕೊಳ್ಳಿ. ಸಿಗದವರಿಗಾಗಿ ಮುಂದಿನ ಮಾತುಗಳು.

ಮೊದಲು ವೈದ್ಯರಿಂದ ಬರೆಸಿಕೊಳ್ಳಬೇಕಾದದ್ದು

ಮರುಭೇಟಿಗೆ ಹೋಗುವಾಗ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಹೊರರೋಗಿ ವಿಭಾಗದ ಗದ್ದಲದಲ್ಲಿ ನಿಮಗೆ ಸಿಗುವುದು ನಾಲ್ಕೈದು ನಿಮಿಷ, ಅಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಎಕೋ ಪರೀಕ್ಷೆಯಲ್ಲಿ ನನ್ನ ಹೃದಯದ ಪಂಪಿನ ಶಕ್ತಿ ಎಷ್ಟು ಶೇಕಡ? ಇನ್ನೂ ತೆರೆಯದೆ ಉಳಿದ ಅಡಚಣೆ ಇದೆಯೇ? ಟ್ರೆಡ್‌ಮಿಲ್ ಪರೀಕ್ಷೆ ಬೇಕೇ, ಯಾವಾಗ? ನಾಡಿ ಬಡಿತ ಎಷ್ಟರವರೆಗೆ ಏರಬಹುದು? ಎದೆನೋವು ಬಂದರೆ ನಾಲಿಗೆಯಡಿ ಇಡುವ ಮಾತ್ರೆಯನ್ನು ನಾನು ಇಟ್ಟುಕೊಳ್ಳಬೇಕೇ? ಈ ಐದಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿ ಸ್ಪಷ್ಟವಾದಂತೆ.

ಕೆಲವರು ಈಗಲೇ ಶುರು ಮಾಡಬಾರದು. ಕುಳಿತಿದ್ದಾಗಲೂ ಎದೆನೋವು ಬರುವವರು, ಮಲಗಿದರೆ ಉಸಿರು ಕಟ್ಟುವವರು, ಬಿಪಿ 180/110ಕ್ಕಿಂತ ಮೇಲಿರುವವರು, ಜ್ವರ ಬಂದವರು, ಶಸ್ತ್ರಚಿಕಿತ್ಸೆಯ ಗಾಯದಿಂದ ನೀರು ಅಥವಾ ಕೀವು ಬರುತ್ತಿರುವವರು ಮೊದಲು ವೈದ್ಯರನ್ನು ಕಾಣಬೇಕು. ಕವಾಟದ ತೊಂದರೆ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ತಮ್ಮ ಮಿತಿಯನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು.

ಮೊದಲ ಆರು ವಾರ

ಮನೆಯೊಳಗೇ ಶುರು ಮಾಡಿ. ಹಜಾರ, ಜಗಲಿ, ಅಂಗಳ ಸಾಕು. ಮೊದಲ ವಾರ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದು ನಿಮಿಷ, ಸಮತಟ್ಟಾದ ನೆಲದಲ್ಲಿ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ಎರಡನೆಯ ವಾರದ ಕೊನೆಗೆ ಹತ್ತು ನಿಮಿಷ, ನಾಲ್ಕನೆಯದಕ್ಕೆ ಇಪ್ಪತ್ತು, ಆರನೆಯದಕ್ಕೆ ಮೂವತ್ತು ನಿಮಿಷ ಮುಟ್ಟಿದರೆ ಬಹಳ ಚೆನ್ನಾಗಿದೆ ಎಂದೇ ತಿಳಿಯಿರಿ. ಮುಟ್ಟದಿದ್ದರೆ ಒಂದು ವಾರ ಹೆಚ್ಚು ತೆಗೆದುಕೊಳ್ಳಿ. ಇಂದಿನ ನಡಿಗೆಯ ಆಯಾಸ ನಾಳೆ ಬೆಳಿಗ್ಗೆಯೂ ಉಳಿದಿದ್ದರೆ ಇಂದು ಹೆಚ್ಚಾಗಿದೆ ಎಂದರ್ಥ, ನಾಳೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮುಂದೆ ತಲುಪಬೇಕಾದ ಗುರಿ ವಾರಕ್ಕೆ 150 ನಿಮಿಷ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ.

ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೂ ಬೈಪಾಸ್ ಆದವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮನೆಯವರೆಲ್ಲ ತಿಳಿದಿರಬೇಕು. ಬೈಪಾಸಿನಲ್ಲಿ ಎದೆಯ ಮೂಳೆಯನ್ನೇ ಸೀಳಿ ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಕಾಲು ಮೇಲೆ ಹೇಳಿದಂತೆ ನಡೆಯಬಹುದು, ಕೈಗೆ ಭಾರ ಬೀಳಬಾರದು. ತುಂಬಿದ ಕೊಡ ಎತ್ತುವುದು, ಬಾವಿಯಿಂದ ನೀರು ಸೇದುವುದು, ಗ್ಯಾಸ್ ಸಿಲಿಂಡರ್ ಎಳೆಯುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಸ್ಕೂಟರ್ ಓಡಿಸುವುದು ಯಾವುದೂ ಬೇಡ. ಹೆಂಗಸರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆಸ್ಪತ್ರೆಯವರು ‘ಭಾರ ಎತ್ತಬೇಡಿ’ ಎಂದರೆ ಅವರಿಗೆ ಅಕ್ಕಿಮೂಟೆ ನೆನಪಾಗುತ್ತದೆ, ಅಡುಗೆಮನೆ ನೆನಪಾಗುವುದಿಲ್ಲ. ಹತ್ತು ಜನಕ್ಕೆ ರಾಗಿಮುದ್ದೆ ತಿರುವುವುದು, ರೊಟ್ಟಿ ಬಡಿಯುವುದು, ಬಟ್ಟೆ ಒಗೆದು ಹಿಂಡುವುದು ಇವೆಲ್ಲ ಎದೆಮೂಳೆಯ ಮೇಲೆ ಬೀಳುವ ಭಾರವೇ. ಹಾಸಿಗೆಯಿಂದ ಏಳುವಾಗ ಕೈ ಊರಿ ಏಳದೆ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು ಏಳಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅಪ್ಪಿಹಿಡಿದು ಕೆಮ್ಮಿ.

ಎಷ್ಟು ಜೋರು?

ಕೈಗಡಿಯಾರದ ಯಂತ್ರಗಳು ನಾಡಿಯ ಸಂಖ್ಯೆ ತೋರಿಸುತ್ತವೆ. ಆದರೆ ನಮ್ಮಲ್ಲಿ ಬಹುಪಾಲು ಜನ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್ ತೆಗೆದುಕೊಳ್ಳುವವರು. ಈ ಮಾತ್ರೆಗಳು ಬಡಿತವನ್ನು ತಗ್ಗಿಸಿಯೇ ಇಡುತ್ತವೆ. ವಯಸ್ಸಿನ ಲೆಕ್ಕ ಹಾಕಿ, ಆ ಸಂಖ್ಯೆ ಮುಟ್ಟಲೇಬೇಕೆಂದು ಓಡಿದರೆ ಅಪಾಯ. ಇದಕ್ಕಿಂತ ನಂಬಬಹುದಾದದ್ದು ನಿಮ್ಮದೇ ಮಾತು. ನಡೆಯುತ್ತಲೇ ಪೂರ್ತಿ ವಾಕ್ಯವೊಂದನ್ನು ಹೇಳಲು ಬರಬೇಕು, ಆದರೆ ಹಾಡು ಹೇಳಲು ಆಗಬಾರದು. ಆ ನಡುವಿನ ವೇಗವೇ ನಿಮ್ಮದು. ಹಾಡೂ ಸಲೀಸಾಗಿ ಬಂದರೆ ಸ್ವಲ್ಪ ಚುರುಕಾಗಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನಿಸಿ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮದ ಅಳತೆಗೋಲನ್ನು ಫಿಸಿಯೋಥೆರಪಿಸ್ಟರು ಬಳಸುತ್ತಾರೆ. ಅದರಲ್ಲಿ 11ರಿಂದ 14 ನಮ್ಮಂಥವರಿಗೆ ಹೇಳುವ ವಲಯ, ಅಂದರೆ ‘ಸಲೀಸು’ ಎನ್ನುವಲ್ಲಿಂದ ‘ಸ್ವಲ್ಪ ಕಷ್ಟ’ ಎನ್ನುವವರೆಗೆ.

ಮೊದಲ ಐದರಿಂದ ಹತ್ತು ನಿಮಿಷ ಮೆಲ್ಲಗೆ ನಡೆಯಿರಿ, ಆಮೇಲೆ ವೇಗ. ಮುಗಿಸುವಾಗಲೂ ಅಷ್ಟೇ ಹೊತ್ತು ಮೆಲ್ಲಗೆ. ಈ ಕೊನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಸರ್ರನೆ ನಡೆದು ಬಂದು ಧಪ್ಪೆಂದು ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು.

ಊಟವಾಗಿ ಒಂದೂವರೆ ಎರಡು ಗಂಟೆ ಕಳೆದಿರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡದೆ, ಜೇಬಿನಲ್ಲಿ ಬೆಲ್ಲ ಅಥವಾ ಸಕ್ಕರೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ನಸುಕಿಗೆ ಹೋಗಬೇಡಿ. ತಣ್ಣನೆಯ ಗಾಳಿ ರಕ್ತನಾಳಗಳನ್ನು ಸಂಕುಚಿಸುತ್ತದೆ, ಎದೆ ಹಿಡಿಯುತ್ತದೆ, ಬಿಸಿಲು ಬಿದ್ದ ಮೇಲೆ ಹೊರಡಿ. ಕಲಬುರಗಿ, ರಾಯಚೂರು ಕಡೆಯವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ಉಲ್ಟಾ: ಬಿಸಿಲು ಏರುವ ಮೊದಲೇ ಮುಗಿಸಬೇಕು. ಹೃದಯದ ಪಂಪು ದುರ್ಬಲವಾಗಿದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ಬೇಸಿಗೆಯಲ್ಲಿ ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು. ಇವರು ದಿನವೂ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಅಂದೇ ವೈದ್ಯರಿಗೆ ತಿಳಿಸಿ.

ನಡಿಗೆ ಒಗ್ಗಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಎದೆಮೂಳೆ ಕೂಡಿದ ಬಳಿಕ ಗೋಡೆಗೆ ಅಂಗೈ ಒತ್ತಿ ತಳ್ಳುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು ಇಷ್ಟರಿಂದ ಶುರು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಯೋಗ ಬಲ್ಲವರು ಅದನ್ನು ಬಿಡಬೇಕಿಲ್ಲ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಜನರ ಮೇಲೆ ನಡೆದ ಯೋಗ-ಕೇರ್ ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರ ಯೋಗ ಕಲಿತವರು ತಮ್ಮ ಆರೋಗ್ಯ ಉತ್ತಮವಾಗಿದೆ ಎಂದರು, ಹಳೆಯ ಚಟುವಟಿಕೆಗಳಿಗೂ ಹೆಚ್ಚು ಚೆನ್ನಾಗಿ ಮರಳಿದರು. ಮತ್ತೆ ಆಘಾತವಾಗುವುದು ಅಥವಾ ಸಾವು ಕಡಿಮೆಯಾಯಿತೆಂದು ಮಾತ್ರ ಅದು ಖಚಿತವಾಗಿ ತೋರಿಸಲಿಲ್ಲ. ಹಾಗಾಗಿ ಯೋಗ ಮಾತ್ರೆಗೆ ಬದಲಿಯಲ್ಲ. ಉಸಿರು ಹಿಡಿದಿಡುವ ಕುಂಭಕ, ರಭಸದ ಕಪಾಲಭಾತಿ, ಭಸ್ತ್ರಿಕ, ಶೀರ್ಷಾಸನ ಬೇಡ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ, ಅಂಜನಾದ್ರಿಗೆ ಹರಕೆ ಇದೆ ಎನ್ನುವವರೂ ಇರುತ್ತಾರೆ. ಮೊದಲು ಮನೆಯ ಹತ್ತಿರ ಎರಡು ಅಂತಸ್ತು ಮೆಟ್ಟಿಲನ್ನು ನಿಲ್ಲದೆ, ಎದೆನೋವಿಲ್ಲದೆ ಹತ್ತಲು ಕಲಿಯಿರಿ. ದಾಂಪತ್ಯ ಜೀವನಕ್ಕೆ ಮರಳುವ ವಿಷಯದಲ್ಲೂ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ ಇದೇ. ಸಂಕೋಚಪಟ್ಟು ಕೇಳದೆ ಉಳಿಯುವವರು ಬಹಳ, ಅದಕ್ಕೇ ಇಲ್ಲಿ ಬರೆದೆ. ಲೈಂಗಿಕ ಶಕ್ತಿಗೆಂದು ಮಾರುವ ಸಿಲ್ಡೆನಾಫಿಲ್‌ನಂಥ ಮಾತ್ರೆಯನ್ನು ಸಾರ್ಬಿಟ್ರೇಟ್ (ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ) ಜೊತೆ ತೆಗೆದುಕೊಂಡರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಎಂಬುದನ್ನೂ ತಿಳಿದಿರಿ.

ನಿಲ್ಲಬೇಕಾದ ಸೂಚನೆಗಳು

ಎದೆ ಹಿಂಡಿದಂತೆ ಅಥವಾ ಭಾರ ಇಟ್ಟಂತೆ ಆಗುವುದು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ತಲೆಸುತ್ತು, ಎದೆ ತಾಳತಪ್ಪಿ ಬಡಿಯುವುದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಬ್ಬಸವಾಗಿಯೂ ಬರಬಹುದು. ಇವುಗಳಲ್ಲಿ ಯಾವುದು ಬಂದರೂ ‘ಆ ಮರದವರೆಗೆ ಹೋಗಿಬಿಡೋಣ’ ಎನ್ನದೆ ಅಲ್ಲೇ ಕುಳಿತುಕೊಳ್ಳಿ.

ಸಾರ್ಬಿಟ್ರೇಟನ್ನು ವೈದ್ಯರು ಬರೆದುಕೊಟ್ಟಿದ್ದರೆ ಒಂದನ್ನು ನಾಲಿಗೆಯಡಿ ಇಡಿ. ನಿಂತುಕೊಂಡು ಬೇಡ, ಅದು ಬಿಪಿ ಇಳಿಸುತ್ತದೆ, ಬಿದ್ದುಬಿಡಬಹುದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಬೇಕು. ಸ್ವತಃ ಗಾಡಿ ಓಡಿಸಿಕೊಂಡು ಹೋಗಬಾರದು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಮಲಗಿದವರ ಕಥೆಗಳನ್ನು ನಾನು ಬಹಳ ಕೇಳಿದ್ದೇನೆ. ಆ ಒಂದೆರಡು ಗಂಟೆಯಲ್ಲೇ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಎಂದು ಈ ವಾರವೇ, ಆರೋಗ್ಯವಾಗಿರುವಾಗಲೇ, ಹೋಗಿ ವಿಚಾರಿಸಿಕೊಂಡು ಬನ್ನಿ.

ಜೊತೆ ಕಟ್ಟುವುದು

ನಾನು ಮೊದಲ ದಿನ ಉದ್ಯಾನಕ್ಕೆ ಹೋದದ್ದು ಪಕ್ಕದ ಬೀದಿಯ ಹಿರಿಯರೊಬ್ಬರ ಜೊತೆ. ಅವರಿಗೆ ಸ್ಟೆಂಟ್ ಹಾಕಿ ಎಂಟು ವರ್ಷವಾಗಿತ್ತು. ದಾರಿಯಲ್ಲಿ ನಾನು ಎದೆ ಮುಟ್ಟಿಕೊಂಡಾಗಲೆಲ್ಲ, ‘ಗಾಯದ ನೋವೋ, ಒಳಗಿನ ನೋವೋ, ನಿಂತು ನೋಡಿ’ ಎನ್ನುತ್ತಿದ್ದರು. ಒತ್ತಿದರೆ ನೋಯುವುದು, ಹೊರಳಿದರೆ ಚುಚ್ಚುವುದು ಸಾಮಾನ್ಯವಾಗಿ ಗಾಯದ್ದು. ನಡೆದರೆ ಬಂದು ನಿಂತರೆ ಹೋಗುವುದು ಒಳಗಿನದು. ಅನುಮಾನವಿದ್ದರೆ ಒಳಗಿನದೆಂದೇ ತಿಳಿಯಬೇಕು. ಇದನ್ನು ಎರಡು ಸುತ್ತು ನಡೆಯುವಷ್ಟರಲ್ಲಿ ಅವರಿಂದ ಕಲಿತೆ.

ನಿಮ್ಮಲ್ಲಿ ಅಂಥವರು ಎಲ್ಲಿ ಸಿಗುತ್ತಾರೆ? ಔಷಧಿ ಅಂಗಡಿಯವರಿಗೆ ಗೊತ್ತಿರುತ್ತದೆ, ಪ್ರತಿ ತಿಂಗಳು ಅವೇ ಮಾತ್ರೆ ಕೊಳ್ಳುವವರು ಅವರ ಅಂಗಡಿಗೇ ಬರುತ್ತಾರೆ. ಅವರು ಇತರರ ಹೆಸರು ಹೇಳಬಾರದು, ನೀವೂ ಕೇಳಬಾರದು. ನಿಮ್ಮ ಹೆಸರು, ಸಮಯ, ಜಾಗ ಬರೆದ ಚೀಟಿಯನ್ನು ಅಲ್ಲಿ ಅಂಟಿಸಲು ಕೇಳಿ. ಆಶಾ ಕಾರ್ಯಕರ್ತೆಯರಿಗೆ, ನಗರದಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ ಸಿಬ್ಬಂದಿಗೆ, ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಹೇಳಿ. ದೇವಸ್ಥಾನ, ಮಸೀದಿ, ಚರ್ಚುಗಳ ಸೂಚನಾ ಫಲಕ, ಹಾಲಿನ ಡೇರಿ, ನಿವೃತ್ತ ನೌಕರರ ಸಂಘ ಎಲ್ಲವೂ ಕೆಲಸಕ್ಕೆ ಬರುತ್ತವೆ. ಮೂವರು ಸಿಕ್ಕರೆ ಶುರು ಮಾಡಿ. ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿ, ಏಕೆಂದರೆ ಯಾರು ಬಂದಿಲ್ಲ ಎಂಬುದು ಕಣ್ಣಿಗೆ ಬೀಳುವಷ್ಟು ಚಿಕ್ಕದಾಗಿರಬೇಕು.

ಜಾಗ ಸಮತಟ್ಟಾಗಿರಲಿ, ಕೂರಲು ಅಲ್ಲಲ್ಲಿ ಬೆಂಚಿರಲಿ, ಆಂಬುಲೆನ್ಸ್ ಬರುವಷ್ಟು ರಸ್ತೆ ಇರಲಿ, ಶೌಚಾಲಯ ಹತ್ತಿರವಿರಲಿ. ಮೂತ್ರ ಹೆಚ್ಚು ಹೋಗುವ ಮಾತ್ರೆ ತೆಗೆದುಕೊಳ್ಳುವವರು ಶೌಚಾಲಯವಿಲ್ಲವೆಂದೇ ಮನೆಯಲ್ಲಿ ಉಳಿಯುತ್ತಾರೆ. ನಮ್ಮೂರಿನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮೊದಲ ವರ್ಷ ನಮ್ಮ ಗುಂಪು ಜೂನ್ ತಿಂಗಳಲ್ಲೇ ಚದುರಿಹೋಯಿತು. ಮರುವರ್ಷ ನಮ್ಮಲ್ಲೊಬ್ಬರಿಗೆ ಹೊಳೆಯಿತು: ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪ ಖಾಲಿ. ಹೋಗಿ ಕೇಳಿದೆವು. ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಟ್ಟರು, ಗುಡಿಸಿ ಹೋಗುವುದು ನಮ್ಮ ಕೆಲಸ. ಊಟದ ಹಾಲನ್ನು ಹದಿನೈದು ಸುತ್ತು ಹಾಕುತ್ತೇವೆ, ಹೊರಗೆ ಮಳೆ ಸುರಿಯುತ್ತಿರುತ್ತದೆ. ನಿಮ್ಮೂರಿನಲ್ಲಿ ಅದು ಶಾಲೆಯ ಹಜಾರವಿರಬಹುದು, ಸಮುದಾಯ ಭವನವಿರಬಹುದು.

ಗುಂಪಿಗೆ ಕೆಲವು ಕಟ್ಟುಪಾಡು ಬೇಕು. ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಚೀಟಿ: ಹೆಸರು, ಮನೆಯವರ ಫೋನ್, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆಗಳು, ಒಗ್ಗದ ಔಷಧಿ. ವೇಗಕ್ಕೆ ತಕ್ಕಂತೆ ಇಬ್ಬಿಬ್ಬರ ಜೋಡಿ, ಯಾರೂ ಒಬ್ಬರೇ ಹಿಂದೆ ಉಳಿಯಬಾರದು. ಎಷ್ಟು ಹೆಜ್ಜೆಯಾಯಿತೆಂದು ಪೈಪೋಟಿ ಬೇಡ. ತೋಳಿಗೆ ಕಟ್ಟುವ ಬಿಪಿ ಯಂತ್ರವೊಂದನ್ನು ಎಲ್ಲರೂ ಸೇರಿ ಕೊಳ್ಳಬಹುದು, ವಾರಕ್ಕೊಮ್ಮೆ ಐದು ನಿಮಿಷ ಕುಳಿತ ಮೇಲೆ ನೋಡಿ ಬರೆದುಕೊಳ್ಳಿ. ಇಬ್ಬರಾದರೂ ಸಿಪಿಆರ್ ಕಲಿತಿರಬೇಕು. ಎಚ್ಚರ ತಪ್ಪಿ, ಉಸಿರಾಟ ನಿಂತವರ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು. ವೈದ್ಯಕೀಯ ಕಾಲೇಜುಗಳನ್ನೋ ರೆಡ್ ಕ್ರಾಸ್ ಶಾಖೆಯನ್ನೋ ಕೇಳಿದರೆ ತರಬೇತಿಗೆ ದಾರಿ ಸಿಗುತ್ತದೆ.

ಎಲ್ಲಕ್ಕಿಂತ ಬಿಗಿಯಾಗಿ ಪಾಲಿಸಬೇಕಾದ ಕಟ್ಟುಪಾಡು ಇನ್ನೊಂದಿದೆ. ಗುಂಪಿನಲ್ಲಿ ಯಾರೂ ಯಾರಿಗೂ ಮಾತ್ರೆ ಹೇಳಬಾರದು, ಬಿಡಿಸಲೂಬಾರದು. ‘ನಾನು ಬೆಳ್ಳುಳ್ಳಿ ರಸ ಕುಡಿದು ಎಲ್ಲ ನಿಲ್ಲಿಸಿದೆ’ ಎನ್ನುವ ಒಬ್ಬರು ಎಲ್ಲ ಉದ್ಯಾನದಲ್ಲೂ ಸಿಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂಥ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ಹಣದ ಅಡಚಣೆಯಿಂದ ಮಾತ್ರೆ ಬಿಡುವವರಿದ್ದರೆ ಅವರನ್ನು ಜನೌಷಧಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅದೇ ಔಷಧಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ನಡಿಗೆ ಮುಗಿಸಿ ಹೋಟೆಲಿನಲ್ಲಿ ಬೋಂಡ ತಿನ್ನುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಯಗೊಡಬೇಡಿ.

ಹೆಂಗಸರನ್ನು ಕರೆತರುವುದು ಕಷ್ಟವಾಯಿತು. ‘ಮನೆಕೆಲಸವೇ ವ್ಯಾಯಾಮ’ ಎನ್ನುತ್ತಾರೆ. ಮನೆಕೆಲಸ ಮೈಯನ್ನು ದಣಿಸುತ್ತದೆ, ಆದರೆ ನಿಂತು ನಿಂತು ಮಾಡುವ ಕೆಲಸದಲ್ಲಿ ಅರ್ಧ ಗಂಟೆ ಒಂದೇ ಸಮನೆ ಹೃದಯಕ್ಕೆ ಹದವಾದ ದುಡಿಮೆ ಸಿಗುವುದು ಅಪರೂಪ. ನಿಜವಾದ ತೊಡಕು ಬೆಳಗಿನ ಅಡುಗೆ. ನಮ್ಮ ಗುಂಪಿನ ಹೆಂಗಸರು ಸಂಜೆ ಐದಕ್ಕೆ ಬದಲಾಯಿಸಿಕೊಂಡ ಮೇಲೆ ಒಬ್ಬರೂ ತಪ್ಪಿಸಿಲ್ಲ. ಬೈಪಾಸಾದ ಅಜ್ಜಿಯೊಬ್ಬರು ಹವಾಯಿ ಚಪ್ಪಲಿಯಲ್ಲೇ ಬರುತ್ತಿದ್ದರು, ಸೀರೆಗೆ ಬೂಟು ನಾಚಿಕೆ ಎಂದು. ಸೊಸೆ ಹಿಂಬದಿ ಪಟ್ಟಿ ಇರುವ ಮೆತ್ತನೆ ಚಪ್ಪಲಿ ತಂದುಕೊಟ್ಟಳು, ಸಾಕಾಯಿತು.

ಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು, ನಿದ್ರೆ ಹೋಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅನೇಕರಿಗೆ ಆಗುತ್ತದೆ. ನನಗೂ ಆಯಿತು. ಇದು ದೌರ್ಬಲ್ಯವಲ್ಲ, ಇದಕ್ಕೂ ಚಿಕಿತ್ಸೆ ಇದೆ. ಎರಡು ವಾರ ದಾಟಿದರೆ ವೈದ್ಯರಿಗೆ ಹೇಳಿ. 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಮ್ಮ ಗುಂಪಿನಲ್ಲಿ ಒಂದು ನೋಟ್ ಪುಸ್ತಕವಿದೆ. ಬಂದವರು ತಮ್ಮ ಹೆಸರಿನ ಮುಂದೆ ನಡೆದ ನಿಮಿಷ ಬರೆಯುತ್ತಾರೆ. ಯಾರದಾದರೂ ಸಾಲು ಎರಡು ದಿನ ಖಾಲಿ ಇದ್ದರೆ ಆ ದಿನ ಪುಸ್ತಕ ಹಿಡಿದವರು ಅವರಿಗೆ ಫೋನ್ ಮಾಡುತ್ತಾರೆ, ಫೋನ್ ಎತ್ತದಿದ್ದರೆ ಮನೆಗೆ ಹೋಗುತ್ತಾರೆ. ಹಾಗೆ ಹೋಗಿ ಬಾಗಿಲು ತಟ್ಟಿದಾಗ ಒಮ್ಮೆ ಒಬ್ಬರು ಕಾಲು ಊದಿಸಿಕೊಂಡು, ಉಸಿರಿಗೆ ಕಷ್ಟಪಡುತ್ತ ಕುರ್ಚಿಯಲ್ಲಿ ಕುಳಿತಿದ್ದರು. ಮಕ್ಕಳಿಗೆ ತೊಂದರೆ ಬೇಡವೆಂದು ಯಾರಿಗೂ ಹೇಳಿರಲಿಲ್ಲ. ಅಂದೇ ಆಸ್ಪತ್ರೆಗೆ ಸೇರಿಸಿದೆವು. ತಿಂಗಳ ಮೇಲೆ ಮತ್ತೆ ಬಂದರು, ಪುಸ್ತಕ ತೆರೆದು ತಮ್ಮ ಸಾಲಿನಲ್ಲಿ ‘5 ನಿಮಿಷ’ ಎಂದು ಬರೆದರು.